ಪದವಿಯ ಜೊತೆ ಮನೆಗೆ ಬಂದ ಸಾಲ

ಮಗ ಇಂಜಿನಿಯರ್ ಆದ, ಮಗಳು ನರ್ಸಿಂಗ್ ಮುಗಿಸಿದಳು ಎಂಬ ದಿನ ನಮ್ಮ ಮನೆಗಳಲ್ಲಿ ಸಿಹಿ ಹಂಚುತ್ತೇವೆ. ಕುಟುಂಬದಲ್ಲಿ ಮೊದಲ ಪದವಿಯಾದರೆ ಆ ಸಂತೋಷಕ್ಕೆ ಎಲ್ಲೆಯೇ ಇಲ್ಲ. ಅಕ್ಕಪಕ್ಕದವರು ಬಂದು ದುಆ ಮಾಡಿ ಹೋಗುತ್ತಾರೆ. ಆದರೆ ವರ್ಷ ತುಂಬುವಷ್ಟರಲ್ಲಿ ಬ್ಯಾಂಕಿನಿಂದ ಒಂದು ಕಾಗದ ಬರುತ್ತದೆ. ಮುಂದಿನ ತಿಂಗಳಿಂದ ಕಂತು ಕಟ್ಟಬೇಕು ಎಂದು ಅದರಲ್ಲಿರುತ್ತದೆ. ಓದಿದ ಮಗನಿಗೆ ಇನ್ನೂ ಕೆಲಸ ಸಿಕ್ಕಿಲ್ಲ, ಅಥವಾ ಸಿಕ್ಕಿದ ಕೆಲಸದ ಸಂಬಳ ಅವನ ಖರ್ಚಿಗೇ ಸಾಲದು. ತಂದೆ ಆ ಕಾಗದವನ್ನು ಮಡಚಿ ಬೀರುವಿನಲ್ಲಿ ಇಡುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಓದುಗರಿಗೆ ಈ ಚಿತ್ರ ಹೊಸದಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಬಿಚ್ಚುವ ರೀಲರುಗಳು, ಚಿಂತಾಮಣಿಯ ಮಂಡಿಗಳನ್ನು ನಂಬಿದ ವ್ಯಾಪಾರಿಗಳು, ಗೌರಿಬಿದನೂರಿನ ಕಾರ್ಖಾನೆ ನೌಕರರು, ಚಿಕ್ಕಬಳ್ಳಾಪುರದ ಆಟೋ ಚಾಲಕರು, ಮೆಕ್ಯಾನಿಕ್‌ಗಳು ತಾವು ಓದದಿದ್ದರೂ ಮಕ್ಕಳನ್ನು ಓದಿಸಬೇಕೆಂದು ಹೊರಟವರು. ಇದೇ ನೆಲದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಮನೆಪಾಠ ಹೇಳಿಕೊಂಡು 1881ರಲ್ಲಿ ಬಿ.ಎ. ಮುಗಿಸಿದರು. ನಂತರ ಮೈಸೂರು ಸರಕಾರದ ನೆರವಿನಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಓದಿದರು. ಗೌರಿಬಿದನೂರು ತಾಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ಓದಿಗಾಗಿ ಬೆಂಗಳೂರಿಗೆ ನಡೆದೇ ಹೋದರು. ಅಂದಿನ ಬಡ ವಿದ್ಯಾರ್ಥಿಗೆ ವಿದ್ಯಾರ್ಥಿವೇತನ, ಉಚಿತ ಹಾಸ್ಟೆಲ್ ಆಸರೆಯಾಗಿದ್ದವು. ಇಂದಿನ ವಿದ್ಯಾರ್ಥಿಗೆ ಆ ಆಸರೆ ಸಾಲದ ರೂಪದಲ್ಲಿ ಬರುತ್ತಿದೆ. 2001ರಲ್ಲಿ ಭಾರತೀಯ ಬ್ಯಾಂಕುಗಳ ಸಂಘವು ಶಿಕ್ಷಣ ಸಾಲದ ಮಾದರಿ ಯೋಜನೆಯೊಂದನ್ನು ರೂಪಿಸಿದ ಮೇಲೆ ಆಸ್ತಿ ಇಲ್ಲದವರಿಗೂ ಬ್ಯಾಂಕಿನ ಬಾಗಿಲು ತೆರೆಯಿತು. ಅದರಿಂದ ಸಾವಿರಾರು ಮಕ್ಕಳು ಓದಿದ್ದಾರೆ ಎಂಬುದನ್ನು ಮರೆಯಬಾರದು. ಆದರೆ ಸಾಲ ಪಡೆಯುವಾಗ ಇದ್ದ ಓಡಾಟ, ಉತ್ಸಾಹ ತೀರಿಸುವಾಗ ಇರುವುದಿಲ್ಲ. ತೀರಿಸುವ ದಾರಿಯನ್ನು ಹೇಳಿಕೊಡುವವರೂ ಕಡಿಮೆ.

ಈ ಲೇಖನ ಈಗಾಗಲೇ ಸಾಲ ಇರುವವರಿಗಾಗಿ. ಓದು ಮುಗಿದಿದೆ, ಸಾಲ ಉಳಿದಿದೆ, ಇನ್ನು ಏನು ಮಾಡಬೇಕು ಎಂದು ಕೇಳುವ ತಂದೆ ತಾಯಿಗೆ, ಮಗನಿಗೆ, ಮಗಳಿಗೆ.

ಮೊದಲು ಲೆಕ್ಕ ಬರೆಯಿರಿ

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವುದರ ಕುರಿತು ಇದೆ ಎಂಬುದು ನಿಮಗೆ ಗೊತ್ತಿರಬಹುದು. ಅದು ಸಾಲದ ವ್ಯವಹಾರವನ್ನು ಬರೆದಿಡುವ ಕುರಿತು. ಸಣ್ಣದಿರಲಿ ದೊಡ್ಡದಿರಲಿ, ಬರೆಯಲು ಬೇಸರಿಸಬಾರದು ಎಂಬುದು ಅದರ ಆಶಯ. ಇದನ್ನು ನಾವು ಓದುತ್ತೇವೆ, ಆದರೆ ನಮ್ಮ ಮನೆಯ ಸಾಲ ಎಷ್ಟಿದೆ ಎಂದು ಕೇಳಿದರೆ ಅಂದಾಜಿನ ಮಾತು ಹೇಳುತ್ತೇವೆ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಬ್ಯಾಂಕ್ ಶಾಖೆಗೆ ಹೋಗಿ ಸಾಲದ ಖಾತೆಯ ಪೂರ್ತಿ ಸ್ಟೇಟ್‌ಮೆಂಟ್ ಕೇಳಿ. ಒಟ್ಟು ಪಡೆದ ಅಸಲು ಎಷ್ಟು, ಇಲ್ಲಿಯವರೆಗೆ ಸೇರಿದ ಬಡ್ಡಿ ಎಷ್ಟು, ಈಗಿನ ಬಡ್ಡಿ ದರ ಎಷ್ಟು, ಕಂತು ಯಾವ ತಿಂಗಳಿಂದ ಶುರು, ಎಷ್ಟು ವರ್ಷ, ಸಹ ಸಾಲಗಾರರಾಗಿ ಯಾರು ಸಹಿ ಹಾಕಿದ್ದಾರೆ, ಸಾಲಕ್ಕೆ ಜೀವ ವಿಮೆ ಇದೆಯೇ? ಈ ಏಳು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ.

ನಮ್ಮ ಕಡೆಯವರು ಒಂದು ವಿಷಯ ವಿಶೇಷವಾಗಿ ಗಮನಿಸಬೇಕು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ 2020ರಲ್ಲಿ ಸೇರಿದವು. ಹಳೆಯ ಬ್ಯಾಂಕಿನಲ್ಲಿ ಸಾಲ ಪಡೆದು ವಿಳಾಸ, ಮೊಬೈಲ್ ನಂಬರ್ ಬದಲಾಯಿಸಿದವರಿಗೆ ಹೊಸ ಬ್ಯಾಂಕಿನ ಪತ್ರ, ಸಂದೇಶಗಳು ತಲುಪದೇ ಹೋಗಬಹುದು. "ಬ್ಯಾಂಕೇ ಮುಚ್ಚಿತು, ಯಾರೂ ಕೇಳಲಿಲ್ಲ" ಎಂದು ಸುಮ್ಮನಿರಬೇಡಿ. ಬ್ಯಾಂಕಿನ ಹೆಸರು ಬದಲಾಗಿದೆಯೇ ಹೊರತು ಸಾಲ ಬದಲಾಗಿಲ್ಲ. ಅದು ಬಡ್ಡಿಯೊಂದಿಗೆ ಬೆಳೆಯುತ್ತಲೇ ಇದೆ.

ಕಂತು ಎಂದಿನಿಂದ, ಎಷ್ಟು?

ಸಾಮಾನ್ಯವಾಗಿ ಕೋರ್ಸ್ ಮುಗಿದ ಮೇಲೆ ಒಂದು ವರ್ಷದ ಬಿಡುವು ಇರುತ್ತದೆ. ಕೆಲವು ಹಳೆಯ ಸಾಲಗಳಲ್ಲಿ ಕೋರ್ಸ್ ಮುಗಿದು ಒಂದು ವರ್ಷ ಅಥವಾ ಕೆಲಸ ಸಿಕ್ಕಿ ಆರು ತಿಂಗಳು, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಂದ ಕಂತು ಶುರುವಾಗುವ ನಿಯಮವಿದೆ. ಮಂಜೂರಾತಿ ಪತ್ರದಲ್ಲಿ ಇದನ್ನು ನೋಡಿಕೊಳ್ಳಿ. ಈ ಬಿಡುವಿನ ಕಾಲದಲ್ಲಿ ಬಡ್ಡಿಯೂ ನಿಂತಿರುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಇಲ್ಲ, ಸರಳ ಬಡ್ಡಿ ಸೇರುತ್ತಲೇ ಹೋಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಶಿಡ್ಲಘಟ್ಟದ ಒಬ್ಬ ರೀಲರ್ ಮನೆಯ ಹುಡುಗ ನಾಲ್ಕು ವರ್ಷದ ಬಿ.ಇ.ಗೆ ವರ್ಷಕ್ಕೆ 1 ಲಕ್ಷದಂತೆ ಒಟ್ಟು 4 ಲಕ್ಷ ರೂಪಾಯಿ ಸಾಲ ಪಡೆದ ಎಂದಿಟ್ಟುಕೊಳ್ಳಿ. ಬಡ್ಡಿ ಶೇ. 10. ಮೊದಲ ವರ್ಷ 10 ಸಾವಿರ, ಎರಡನೆಯ ವರ್ಷ 20 ಸಾವಿರ, ಮೂರನೆಯ ವರ್ಷ 30 ಸಾವಿರ, ನಾಲ್ಕನೆಯ ವರ್ಷ 40 ಸಾವಿರ, ಬಿಡುವಿನ ವರ್ಷ ಇನ್ನೂ 40 ಸಾವಿರ. ಹೀಗೆ ಕಂತು ಶುರುವಾಗುವ ದಿನಕ್ಕೆ ಬಡ್ಡಿಯೇ 1 ಲಕ್ಷ 40 ಸಾವಿರ. ತೀರಿಸಬೇಕಾದದ್ದು 4 ಲಕ್ಷವಲ್ಲ, 5 ಲಕ್ಷ 40 ಸಾವಿರ.

ಇದನ್ನು 15 ವರ್ಷಕ್ಕೆ ಹಂಚಿದರೆ ತಿಂಗಳ ಕಂತು ಸುಮಾರು 5,803 ರೂಪಾಯಿ. ಕೊನೆಗೆ ಕಟ್ಟಿದ ಒಟ್ಟು ಹಣ 10 ಲಕ್ಷ 44 ಸಾವಿರ ದಾಟುತ್ತದೆ. 10 ವರ್ಷಕ್ಕೆ ಹಂಚಿದರೆ ಕಂತು 7,136 ರೂಪಾಯಿ, ಒಟ್ಟು ಸುಮಾರು 8 ಲಕ್ಷ 56 ಸಾವಿರ. 7 ವರ್ಷಕ್ಕಾದರೆ ಕಂತು 8,965 ರೂಪಾಯಿ, ಒಟ್ಟು 7 ಲಕ್ಷ 53 ಸಾವಿರ.

ಈ ಅಂಕಿಗಳನ್ನು ಇನ್ನೊಮ್ಮೆ ಓದಿ. ತಿಂಗಳಿಗೆ 1,333 ರೂಪಾಯಿ ಹೆಚ್ಚು ಕಟ್ಟಿದರೆ ಸಾಲ ಐದು ವರ್ಷ ಮೊದಲೇ ಮುಗಿಯುತ್ತದೆ, 1 ಲಕ್ಷ 88 ಸಾವಿರ ರೂಪಾಯಿ ಬಡ್ಡಿ ಉಳಿಯುತ್ತದೆ. ಹಾಗಾದರೆ ಯಾವ ಅವಧಿ ಆರಿಸಬೇಕು? ಸಂಬಳ ಇನ್ನೂ ಗಟ್ಟಿಯಿಲ್ಲದ ಮನೆಗೆ ನನ್ನ ಸಲಹೆ ಇದು: ಕಾಗದದಲ್ಲಿ 15 ವರ್ಷ ಇರಲಿ, ಕೈಯಲ್ಲಿ 10 ವರ್ಷದ ಕಂತು ಇರಲಿ. ಕಷ್ಟದ ತಿಂಗಳಲ್ಲಿ ಸಣ್ಣ ಕಂತು ಕಟ್ಟಿ ಮಾನ ಉಳಿಸಿಕೊಳ್ಳಬಹುದು, ಅನುಕೂಲದ ತಿಂಗಳಲ್ಲಿ ಹೆಚ್ಚು ಕಟ್ಟಬಹುದು. ಬ್ಯಾಂಕುಗಳ ಮಾದರಿ ಯೋಜನೆಯ ಶಿಕ್ಷಣ ಸಾಲವನ್ನು ಮೊದಲೇ ತೀರಿಸಿದರೆ ದಂಡವಿಲ್ಲ. ಹೆಚ್ಚಿನ ಹಣ ಕಟ್ಟುವಾಗ, ಇದನ್ನು ಅಸಲಿಗೆ ಹಾಕಿ, ಅವಧಿ ಕಡಿಮೆ ಮಾಡಿ ಎಂದು ಬರೆದುಕೊಡಿ.

ನಿಮ್ಮ ಮನೆಯಲ್ಲಿ ಇನ್ನೊಬ್ಬರು ಓದುತ್ತಿದ್ದರೆ ಮತ್ತೊಂದು ಮಾತು. ಓದುವ ಕಾಲದಲ್ಲೂ ಬಿಡುವಿನ ವರ್ಷದಲ್ಲೂ ಬಡ್ಡಿಯನ್ನಷ್ಟೇ ಕಟ್ಟುತ್ತಾ ಹೋದರೆ ಮೇಲಿನ ಲೆಕ್ಕದಲ್ಲಿ ಸಾಲ 4 ಲಕ್ಷದಲ್ಲೇ ನಿಲ್ಲುತ್ತದೆ. ಮೊದಲ ವರ್ಷ ತಿಂಗಳಿಗೆ 833 ರೂಪಾಯಿ ಸಾಕು. ಹಾಗೆ ಕಟ್ಟಿದವರಿಗೆ ಆ ಅವಧಿಯ ಬಡ್ಡಿಯಲ್ಲಿ ಶೇ. 1ರ ರಿಯಾಯಿತಿಗೂ ಮಾದರಿ ಯೋಜನೆಯಲ್ಲಿ ಅವಕಾಶವಿದೆ. 10 ವರ್ಷದ ಕಂತು ಆಗ 7,136ರ ಬದಲು 5,286 ರೂಪಾಯಿ ಆಗುತ್ತದೆ.

ಸರಕಾರ ಕಟ್ಟುವ ಬಡ್ಡಿಯನ್ನು ಬಿಡಬೇಡಿ

ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗೆ ಇದ್ದು, ಭಾರತದಲ್ಲೇ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಓದಿದವರಿಗೆ ಓದಿನ ಕಾಲ ಮತ್ತು ಬಿಡುವಿನ ವರ್ಷದ ಬಡ್ಡಿಯನ್ನು ಕೇಂದ್ರ ಸರಕಾರವೇ ಕಟ್ಟುವ ಯೋಜನೆ 2009ರಲ್ಲಿ ಬಂತು. ಕೆನರಾ ಬ್ಯಾಂಕ್ ಇದರ ನೋಡಲ್ ಬ್ಯಾಂಕು. ಕಾಲೇಜಿಗೆ ಮಾನ್ಯತೆ ಇರಬೇಕು, ತಹಶೀಲ್ದಾರರ ಕಚೇರಿಯಂತಹ ಅಧಿಕೃತ ಕಡೆಯಿಂದ ಆದಾಯ ಪ್ರಮಾಣಪತ್ರ ಕೊಡಬೇಕು, ಓದನ್ನು ಮಧ್ಯದಲ್ಲಿ ಬಿಟ್ಟಿರಬಾರದು. ಮೇಲಿನ ಲೆಕ್ಕದ ಹುಡುಗನಿಗೆ ಇದು ಸಿಕ್ಕರೆ 1 ಲಕ್ಷ 40 ಸಾವಿರದ ಹೊರೆ ಇಳಿಯುತ್ತದೆ. ಅರ್ಹತೆ ಇದ್ದೂ ಪ್ರಮಾಣಪತ್ರ ಕೊಡದ ಕಾರಣಕ್ಕೆ ಇದನ್ನು ಕಳೆದುಕೊಳ್ಳಬೇಡಿ. ನಿಮ್ಮ ಖಾತೆಯಲ್ಲಿ ಈ ಸಹಾಯಧನ ಜಮಾ ಆಗಿದೆಯೇ ಎಂದು ಶಾಖೆಯಲ್ಲಿ ಕೇಳಿ. ಆಗಿಲ್ಲವೆಂದರೆ ಕಾರಣವನ್ನು ಬರಹದಲ್ಲಿ ಕೇಳಿ.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉನ್ನತ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಜಾಮೀನಿಲ್ಲದೆ ಸಾಲವಿದೆ. 8 ಲಕ್ಷದವರೆಗಿನ ಆದಾಯದ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಬಿಡುವಿನ ಅವಧಿಯಲ್ಲಿ ಶೇ. 3ರ ಬಡ್ಡಿ ರಿಯಾಯಿತಿ ಇದೆ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯ ಕೊಡುತ್ತಿದ್ದ 'ಪಢೋ ಪರದೇಶ್' ಯೋಜನೆ 2022-23ರಲ್ಲಿ ನಿಂತುಹೋಗಿದೆ. ಅದರ ಹೆಸರು ಹೇಳಿ ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬೇಡಿ.

ನಮ್ಮ ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲವನ್ನು ಸಿ.ಇ.ಟಿ., ನೀಟ್ ಮೂಲಕ ಸೀಟು ಪಡೆದ ಮಕ್ಕಳು ಪಡೆಯುತ್ತಾರೆ. ಇದರಲ್ಲಿ ಬ್ಯಾಂಕಿನ ಬಡ್ಡಿ ಇಲ್ಲ, ಶೇ. 2ರ ಸೇವಾ ಶುಲ್ಕ ಮಾತ್ರ. ಆದರೆ ಇದು ವಿದ್ಯಾರ್ಥಿವೇತನವಲ್ಲ, ಸಾಲ. "ಸರಕಾರದ ದುಡ್ಡು, ಯಾರು ಕೇಳುತ್ತಾರೆ" ಎಂಬ ಮಾತು ನಮ್ಮ ಬೀದಿಗಳಲ್ಲಿ ಕೇಳಿಬರುತ್ತದೆ. ನಾವು ಹಿಂತಿರುಗಿಸಿದ ಹಣ ಮುಂದಿನ ವರ್ಷ ಇನ್ನೊಂದು ಬಡ ಮಗುವಿನ ಶುಲ್ಕಕ್ಕೆ ನೆರವಾಗಬಲ್ಲದು. ಅದನ್ನು ಉಳಿಸಿಕೊಳ್ಳುವುದು ಯಾರ ಹಕ್ಕನ್ನು ಕಿತ್ತುಕೊಂಡಂತೆ ಎಂದು ಯೋಚಿಸಿ.

ಯಾವ ಸಾಲ ಮೊದಲು ತೀರಿಸಬೇಕು?

ಓದಿಗೆ ಬ್ಯಾಂಕಿನ ಸಾಲ ಒಂದೇ ಇರುವ ಮನೆ ಅಪರೂಪ. ಹಾಸ್ಟೆಲಿಗೆ ಕೈಸಾಲ, ಲ್ಯಾಪ್‌ಟಾಪಿಗೆ ಚೀಟಿ ಹಣ, ಪರೀಕ್ಷಾ ಶುಲ್ಕಕ್ಕೆ ತಾಯಿಯ ಬಳೆ ಅಡವು. ಎಲ್ಲವನ್ನೂ ಒಂದೇ ಪುಟದಲ್ಲಿ ಬರೆದು ಪ್ರತಿಯೊಂದರ ಬಡ್ಡಿಯನ್ನು ಒಂದೇ ಅಳತೆಯಲ್ಲಿ ಅಳೆಯಿರಿ.

ನಮ್ಮ ಊರುಗಳಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ತಿಂಗಳ ಲೆಕ್ಕ. ವರ್ಷಕ್ಕೆ ಅದು ಶೇ. 36. ಬ್ಯಾಂಕಿನ ಶೇ. 10 ಎಂದರೆ ನೂರಕ್ಕೆ ತಿಂಗಳಿಗೆ 83 ಪೈಸೆ. ಒಂದು ಲಕ್ಷಕ್ಕೆ ಬ್ಯಾಂಕು ತಿಂಗಳಿಗೆ 833 ರೂಪಾಯಿ ಬಡ್ಡಿ ಹಾಕಿದರೆ ಮೂರು ರೂಪಾಯಿ ಬಡ್ಡಿಯವನು 3,000 ಕೇಳುತ್ತಾನೆ. ಆದರೂ ಬ್ಯಾಂಕಿನ ನೋಟಿಸಿಗೆ ಹೆದರಿ ಮೂರು ರೂಪಾಯಿ ಬಡ್ಡಿಗೆ ಹಣ ತಂದು ಬ್ಯಾಂಕಿಗೆ ಕಟ್ಟುವವರಿದ್ದಾರೆ. ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳಿಗೆ ಬೀಳುವ ಹುಡುಗರೂ ಇದ್ದಾರೆ. ಇದು ಗೆರೆ ಅಳಿಸಲು ಹೋಗಿ ಗೋಡೆ ಕೆಡವಿದ ಹಾಗೆ.

ಕ್ರಮ ಹೀಗಿರಲಿ. ಬ್ಯಾಂಕಿನ ಕಂತನ್ನು ತಪ್ಪದೆ ಕಟ್ಟಿ, ಆದರೆ ಕಂತಿನಷ್ಟೇ ಕಟ್ಟಿ. ಉಳಿದ ಪ್ರತಿ ರೂಪಾಯಿಯನ್ನು ದುಬಾರಿ ಬಡ್ಡಿಯ ಸಾಲಕ್ಕೆ ಹಾಕಿ. ಅದು ತೀರಿದ ಮೇಲೆ ಆ ಹಣವನ್ನೆಲ್ಲ ಬ್ಯಾಂಕಿನ ಅಸಲಿಗೆ ತಿರುಗಿಸಿ. ಬಡ್ಡಿಯಿಲ್ಲದೆ ಕೊಟ್ಟ ಸಂಬಂಧಿಕರ ಹಣವನ್ನು "ಅವರು ನಮ್ಮವರೇ" ಎಂದು ಕೊನೆಗೆ ತಳ್ಳಬೇಡಿ. ಅವರಿಗೆ ಒಂದು ದಿನಾಂಕ ಹೇಳಿ, ಆ ದಿನಾಂಕ ಉಳಿಸಿಕೊಳ್ಳಿ. ಕೊಡಲು ಶಕ್ತಿ ಇದ್ದೂ ಸತಾಯಿಸುವುದು ಅನ್ಯಾಯ ಎಂಬುದು ಪ್ರವಾದಿಯವರ(ಸ) ಬೋಧನೆ.

ನಮ್ಮ ಆದಾಯದ ಲಯ ಬೇರೆ

ಸಂಬಳದಾರರಿಗೆ ಬರೆದ ಸಲಹೆಗಳು ನಮ್ಮ ಮನೆಗಳಿಗೆ ಪೂರ್ತಿ ಹೊಂದುವುದಿಲ್ಲ. ರೀಲರಿಗೆ ಮಾರುಕಟ್ಟೆಯಲ್ಲಿ ಗೂಡು ಕೊಂಡ ದಿನ ಕೈ ಖಾಲಿ, ರೇಷ್ಮೆ ಮಾರಿದ ದಿನ ಕೈ ತುಂಬ. 2011ರಲ್ಲಿ ವಿದೇಶಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದುದನ್ನು ನೀವು ಮರೆತಿರಲಾರಿರಿ. ಟೊಮೇಟೊ 2023ರ ಜುಲೈಯಲ್ಲಿ ಗಗನಕ್ಕೇರಿತು. ಅದೇ ಟೊಮೇಟೊವನ್ನು ಬೆಲೆ ಇಲ್ಲದೆ ರಸ್ತೆ ಬದಿಗೆ ಸುರಿದ ವರ್ಷಗಳೂ ಇವೆ.

ಇಂತಹ ಮನೆಗೆ ಒಂದೇ ಉಪಾಯ: ಕಂತಿಗೆಂದೇ ಪ್ರತ್ಯೇಕ ಉಳಿತಾಯ ಖಾತೆ. ಒಳ್ಳೆಯ ಬೆಲೆ ಸಿಕ್ಕ ವಾರ ಮೂರು ತಿಂಗಳ ಕಂತಿನಷ್ಟು ಹಣವನ್ನು ಮೊದಲು ಅಲ್ಲಿ ಹಾಕಿಬಿಡಿ. ಆಮೇಲೆ ಉಳಿದ ಖರ್ಚು. ಆ ಖಾತೆಯ ಎ.ಟಿ.ಎಂ. ಕಾರ್ಡ್ ಮನೆಯ ತಾಯಿಯ ಬಳಿ ಇರಲಿ. ನಮ್ಮ ಮನೆಗಳ ಹೆಂಗಸರು ಹಣವನ್ನು ಹಿಡಿದಿಡುವುದರಲ್ಲಿ ಯಾವ ಮ್ಯಾನೇಜರಿಗೂ ಕಡಿಮೆಯಿಲ್ಲ.

ಕೆಲಸಕ್ಕೆ ಸೇರಿದ ಮಕ್ಕಳಿಗೂ ಒಂದು ಮಾತು. ಬೆಂಗಳೂರಿನಲ್ಲಿ 18 ಸಾವಿರ ಸಂಬಳದ ಕೆಲಸ ಸಿಕ್ಕಿತು ಎಂದುಕೊಳ್ಳಿ. 5,803 ರೂಪಾಯಿ ಕಂತು ಎಂದರೆ ಸಂಬಳದ ಮೂರನೆಯ ಒಂದು ಭಾಗ. ಪಿ.ಜಿ. ಬಾಡಿಗೆ, ಊಟ, ಓಡಾಟ ಸೇರಿದರೆ ತಿಂಗಳ ಕೊನೆಗೆ ಮನೆಯಿಂದಲೇ ಹಣ ತರಿಸಬೇಕಾಗುತ್ತದೆ. ಸಾಧ್ಯವಿದ್ದರೆ ಮೊದಲ ಎರಡು ವರ್ಷ ಊರಿನಿಂದಲೇ ಓಡಾಡಿ. ಗೌರಿಬಿದನೂರಿನಿಂದ, ಚಿಕ್ಕಬಳ್ಳಾಪುರದಿಂದ ರೈಲಿನ ಸೀಸನ್ ಟಿಕೆಟ್ ಪಿ.ಜಿ. ಬಾಡಿಗೆಯ ಸಣ್ಣ ಪಾಲು ಮಾತ್ರ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ. ಉಳಿದ ಬಾಡಿಗೆ ಹಣವನ್ನು ಅಸಲಿಗೆ ಕಟ್ಟಿದರೆ ಸಾಲ ಕರಗುವುದು ಕಣ್ಣಿಗೆ ಕಾಣುತ್ತದೆ. ಓಡಾಟದ ಆಯಾಸ ನಿಜ. ಆದರೆ ಅದಕ್ಕೆ ಎರಡು ವರ್ಷದ ಕೊನೆಯಿದೆ. ಮೊದಲ ಸಂಬಳ ಬಂದೊಡನೆ ಬೈಕ್, ದೊಡ್ಡ ಫೋನ್ ಎಂದು ಕಂತಿನ ಮೇಲೆ ಕಂತು ಏರಿಸಿಕೊಂಡರೆ ಕೊನೆಯೇ ಕಾಣುವುದಿಲ್ಲ. ಮೇಲೆ ಹೇಳಿದ ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಹುದ್ದೆಯವರೆಗೆ ಏರಿದರೂ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕಿದರು. ಸರಳತೆಯಿಂದ ಯಾರ ಗೌರವವೂ ಕುಂದುವುದಿಲ್ಲ.

ಕೆಲಸವೇ ಸಿಗದಿದ್ದರೆ?

ಇದು ನಿಜವಾದ ಕಷ್ಟ. ಇಲ್ಲಿ ಮಾಡಬಾರದ ಒಂದೇ ಕೆಲಸವೆಂದರೆ ಬ್ಯಾಂಕಿನಿಂದ ತಲೆಮರೆಸಿಕೊಳ್ಳುವುದು.

ಕಂತು 90 ದಿನ ಬಾಕಿ ಉಳಿದರೆ ಬ್ಯಾಂಕು ಆ ಖಾತೆಯನ್ನು ವಸೂಲಾಗದ ಸಾಲದ ಪಟ್ಟಿಗೆ ಸೇರಿಸುತ್ತದೆ. ಬಾಕಿಯ ಮಾಹಿತಿ ಸಿಬಿಲ್‌ನಂತಹ ಸಂಸ್ಥೆಗಳ ದಾಖಲೆಗೆ ಹೋಗುತ್ತದೆ, ಮಗನ ಹೆಸರಿನ ಜೊತೆ ಸಹ ಸಾಲಗಾರರಾದ ತಂದೆಯ ಹೆಸರೂ ಹೋಗುತ್ತದೆ. ನಾಳೆ ತಂದೆ ಹೊಸ ರೀಲಿಂಗ್ ಯಂತ್ರಕ್ಕೆ ಮುದ್ರಾ ಸಾಲ ಕೇಳಿದರೆ, ಹೊಲಕ್ಕೆ ಬೆಳೆ ಸಾಲ ಕೇಳಿದರೆ ಬ್ಯಾಂಕು ಮುಖ ತಿರುಗಿಸುತ್ತದೆ. ಮಗನ ಮೌನ ತಂದೆಯ ಕಸುಬಿಗೆ ಬೀಗ ಹಾಕುತ್ತದೆ. ತಂಗಿಯ ಓದಿನ ಸಾಲಕ್ಕೂ ಅದು ಅಡ್ಡಿ.

ಆದ್ದರಿಂದ ಮೊದಲ ಕಂತು ತಪ್ಪುವ ಮೊದಲೇ ಶಾಖೆಗೆ ಹೋಗಿ. ಮಗ, ತಂದೆ ಇಬ್ಬರೂ ಹೋಗಿ. ಕೆಲಸ ಹುಡುಕುತ್ತಿರುವುದಕ್ಕೆ ದಾಖಲೆ ಇದ್ದರೆ ಒಯ್ಯಿರಿ. ನಿರುದ್ಯೋಗದ ಅಥವಾ ಕಡಿಮೆ ಸಂಬಳದ ಕಾಲದಲ್ಲಿ ಮತ್ತೆ ಬಿಡುವು ಕೊಡುವುದಕ್ಕೆ, ಮೊದಲ ವರ್ಷಗಳಲ್ಲಿ ಸಣ್ಣ ಕಂತು, ಆಮೇಲೆ ದೊಡ್ಡ ಕಂತು ಎಂದು ಏರಿಕೆಯ ಕ್ರಮದಲ್ಲಿ ಹೊಂದಿಸುವುದಕ್ಕೆ 2015ರಲ್ಲಿ ಪರಿಷ್ಕರಿಸಿದ ಮಾದರಿ ಯೋಜನೆಯಲ್ಲಿ ಜಾಗವಿದೆ. ಒಪ್ಪುವುದು ಬಿಡುವುದು ಬ್ಯಾಂಕಿನ ಕೈಯಲ್ಲಿದೆ, ಆದರೆ ಕೇಳದವರಿಗೆ ಅದು ತಾನಾಗಿ ಸಿಗುವುದಿಲ್ಲ. ಅರ್ಜಿಯನ್ನು ಬರಹದಲ್ಲಿ ಕೊಟ್ಟು ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಪೂರ್ತಿ ಕಂತು ಆಗದಿದ್ದರೆ ಸಾವಿರ, ಎರಡು ಸಾವಿರವಾದರೂ ಕಟ್ಟುತ್ತಿರಿ. ತೀರಿಸುವ ಮನಸ್ಸಿದೆ ಎಂಬುದಕ್ಕೆ ಅದೇ ಸಾಕ್ಷಿ. ಒಂದೆರಡು ವಿಷಯ ಉಳಿದು ಕೋರ್ಸ್ ಮುಗಿಯದಿದ್ದರೆ ಅದನ್ನೂ ಬ್ಯಾಂಕಿಗೆ ತಿಳಿಸಿ. ಓದಿನ ಅವಧಿಯನ್ನು ಎರಡು ವರ್ಷದವರೆಗೆ ವಿಸ್ತರಿಸಲು ಅವಕಾಶವಿದೆ.

ಪದವಿ ಮುಗಿದು 180 ದಿನ ಕಳೆದರೂ ಕೆಲಸವಿಲ್ಲದವರಿಗೆ ರಾಜ್ಯ ಸರಕಾರದ ಯುವನಿಧಿ ಇದೆ. 2024ರ ಜನವರಿಯಲ್ಲಿ ಶುರುವಾದ ಈ ಯೋಜನೆಯಲ್ಲಿ ಅರ್ಹ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ನೀವು ಇದಕ್ಕೆ ಸೇರುತ್ತೀರಾ ಎಂದು ವಿಚಾರಿಸಿ. ಆ ಹಣವನ್ನು ನೇರ ಸಾಲಕ್ಕೆ ಹಾಕಿದರೆ ಬಡ್ಡಿ ಬೆಳೆಯುವ ವೇಗವಾದರೂ ಕಡಿಮೆಯಾಗುತ್ತದೆ. ಈ ಸಾಲ ತೀರಿಸಲು ಇನ್ನೊಂದು ಸಾಲ ಮಾಡಿ ಏಜೆಂಟನಿಗೆ ಹಣ ಕೊಟ್ಟು ಕೊಲ್ಲಿಗೆ ಹೋಗುವ ಆತುರ ಮಾತ್ರ ಬೇಡ.

ಎರಡು ಭ್ರಮೆಗಳನ್ನೂ ಬಿಡಬೇಕು. ಒಂದು, ಮನ್ನಾ ಆಗುತ್ತದೆ ಎಂಬುದು. 2008ರಲ್ಲಿ ಕೇಂದ್ರವೂ 2018ರಲ್ಲಿ ರಾಜ್ಯವೂ ಮನ್ನಾ ಮಾಡಿದ್ದು ರೈತರ ಸಾಲ, ಬ್ಯಾಂಕಿನ ಶಿಕ್ಷಣ ಸಾಲವಲ್ಲ. ಇನ್ನೊಂದು, ಬಿಡುವು ಸಿಕ್ಕರೆ ಬಡ್ಡಿಯೂ ಇಲ್ಲ ಎಂಬುದು. 2020ರ ಕೊರೋನಾ ಕಾಲದಲ್ಲಿ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತಿಗೆ ಬಿಡುವು ಕೊಟ್ಟಾಗಲೂ ಬಡ್ಡಿ ನಡೆಯುತ್ತಲೇ ಇತ್ತು. ಬಡ್ಡಿಯ ಮೇಲಿನ ಬಡ್ಡಿಯನ್ನು ಮಾತ್ರ ಆಮೇಲೆ ಹಿಂತಿರುಗಿಸಲಾಯಿತು.

ಬೆದರಿಕೆಗೆ ಅಂಜಬೇಡಿ

ಸಾಲಗಾರ ಅಪರಾಧಿಯಲ್ಲ. ವಸೂಲಿಯ ಜನರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ಬೈಯುವಂತಿಲ್ಲ, ನೆರೆಹೊರೆಯವರ ಮುಂದೆ ಅವಮಾನ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗೆ ಮಾಡಿದರೆ ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ. 14448ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ಖಾಸಗಿ ಕಿರುಸಾಲದವರ ಕಿರುಕುಳದ ವಿರುದ್ಧ ನಮ್ಮ ರಾಜ್ಯವು 2025ರಲ್ಲಿ ಪ್ರತ್ಯೇಕ ಕಾನೂನನ್ನೇ ತಂದಿದೆ.

ಸಾಲ ಬಹಳ ಹಳೆಯದಾಗಿ ಕಟ್ಟಲು ಆಗದ ಸ್ಥಿತಿಗೆ ಬಂದಿದ್ದರೆ ಲೋಕ ಅದಾಲತ್ ಒಂದು ದಾರಿ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಹೆಣ್ಣುಮಕ್ಕಳಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ಉಚಿತ ಕಾನೂನು ನೆರವಿದೆ. ಆದರೆ ಕಡಿಮೆ ಮೊತ್ತಕ್ಕೆ ರಾಜಿಯಾದರೆ ಸಿಬಿಲ್ ದಾಖಲೆಯಲ್ಲಿ 'ರಾಜಿ' ಎಂದೇ ಬರುತ್ತದೆ, 'ಪೂರ್ತಿ ತೀರಿದೆ' ಎಂದು ಬರುವುದಿಲ್ಲ. ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ ಇದನ್ನು ಆರಿಸಿ.

ಮದುವೆ ಮಾತುಕತೆಯಲ್ಲಿ ಮುಚ್ಚಿಡಬೇಡಿ

ಈ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದ್ದರಿಂದ ಹೇಳಲೇಬೇಕು. ಮಗಳು ಸಾಲ ಮಾಡಿ ಓದಿದಳು. ವರನ ಕಡೆಯವರು "ಓದಿದ ಹುಡುಗಿ" ಎಂದು ಸಂತೋಷದಿಂದ ಒಪ್ಪಿದರು. ನಿಕಾಹ್ ಆದ ಮೇಲೆ "ಕೆಲಸಕ್ಕೆ ಹೋಗುವುದು ಬೇಡ" ಎಂದರು. ಸಾಲ ಯಾರು ಕಟ್ಟಬೇಕು? ವಯಸ್ಸಾದ ತಂದೆ. ಒಂದು ಕಡೆ ಮದುವೆಯ ಸಾಲ, ಇನ್ನೊಂದು ಕಡೆ ಓದಿನ ಸಾಲ. ಮಗಳು ತವರಿಗೆ ಬಂದಾಗಲೆಲ್ಲ ತಂದೆಯ ಮುಖ ನೋಡಿ ಒಳಗೇ ಅಳುತ್ತಾಳೆ.

ಹುಡುಗನ ಸಾಲವೂ ಹೀಗೆಯೇ. ಸಂಬಳದ ಅಂಕಿ ಹೇಳುತ್ತಾರೆ, ಕಂತಿನ ಅಂಕಿ ಹೇಳುವುದಿಲ್ಲ. ಇನ್ನು ಕೆಲವರು ಹುಡುಗನ ಓದಿನ ಸಾಲವನ್ನೇ ವರದಕ್ಷಿಣೆಯ ಲೆಕ್ಕಕ್ಕೆ ಸೇರಿಸುತ್ತಾರೆ. ತಾನು ಓದಿದ ಸಾಲವನ್ನು ಹೆಣ್ಣಿನ ತಂದೆಯಿಂದ ತೀರಿಸಿಕೊಳ್ಳುವುದು ಯಾವ ವಿದ್ಯೆ? ಮಹ್ರ್ ಹೆಣ್ಣಿನ ಹಕ್ಕು. ಅವಳು ಮನಸಾರೆ ಕೊಟ್ಟರೆ ಬೇರೆ ಮಾತು. ಕೇಳಿ, ಒತ್ತಾಯಿಸಿ ಅದನ್ನು ಬ್ಯಾಂಕಿಗೆ ಕಟ್ಟುವ ಅಧಿಕಾರ ಗಂಡನಿಗೂ ಇಲ್ಲ, ಮಾವನಿಗೂ ಇಲ್ಲ.

ಮಾತುಕತೆಯ ದಿನವೇ ಎರಡೂ ಕಡೆಯವರು ಸಾಲವನ್ನು ತೆರೆದು ಹೇಳಲಿ. ಮಗಳು ಕೆಲಸ ಮಾಡುವುದಾದರೆ ಅವಳ ಸಂಬಳದಿಂದ ಕಂತು ಹೋಗುತ್ತದೆ ಎಂಬುದನ್ನು ಹಿರಿಯರ ಮುಂದೆ ಒಪ್ಪಿಕೊಳ್ಳಲಿ. ಊಟ, ಮಂಟಪಗಳ ಖರ್ಚು ತಗ್ಗಿಸಿ ಆ ಹಣದಲ್ಲಿ ಸಾಲ ಇಳಿಸಿದರೆ ಹೊಸ ದಂಪತಿಗೆ ಅದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ.

ಬಡ್ಡಿಯ ಪ್ರಶ್ನೆ ಮತ್ತು ಜಮಾಅತ್‌ನ ಹೊಣೆ

"ಬಡ್ಡಿಯ ಸಾಲ ಎಂದು ಮನಸ್ಸು ಚುಚ್ಚುತ್ತದೆ" ಎಂದು ಅನೇಕ ಯುವಕರು ಹೇಳುತ್ತಾರೆ. ಆ ಚುಚ್ಚುವಿಕೆ ಈಮಾನಿನ ಲಕ್ಷಣ. ಓದಿಗಾಗಿ ಇಂತಹ ಸಾಲ ಪಡೆಯಬಹುದೇ ಎಂಬುದನ್ನು ನಿಮ್ಮ ವಿಶ್ವಾಸದ ಆಲಿಮರಲ್ಲಿ ಕೇಳಿ. ಈಗಾಗಲೇ ಸಾಲದಲ್ಲಿ ಇರುವವರಿಗೆ ಒಂದು ಮಾತು ಸ್ಪಷ್ಟ: ಬೇಗ ತೀರಿಸಿದಷ್ಟೂ ಬಡ್ಡಿ ಕಡಿಮೆ. ಬಡ್ಡಿ ಹರಾಮ್ ಎಂದು ಕಂತು ನಿಲ್ಲಿಸಿದವನು ಇನ್ನೂ ಹೆಚ್ಚು ಬಡ್ಡಿಯಲ್ಲಿ ಸಿಲುಕುತ್ತಾನೆ, ಅಸಲನ್ನೂ ಬಾಕಿ ಉಳಿಸಿಕೊಳ್ಳುತ್ತಾನೆ.

ಸಾಲ ಉಳಿಸಿ ತೀರಿಹೋದ ವ್ಯಕ್ತಿಯ ಜನಾಝ ನಮಾಝಿಗೆ ಪ್ರವಾದಿಯವರು(ಸ) ಮುಂದೆ ನಿಲ್ಲದೆ ಹಿಂದೆ ಸರಿದ ಘಟನೆ ಹದೀಸ್ ಗ್ರಂಥಗಳಲ್ಲಿದೆ. ಅಬೂ ಕತಾದಾ(ರ) ಆ ಸಾಲವನ್ನು ತಾವು ಹೊತ್ತುಕೊಂಡ ಮೇಲೆ ನಮಾಝ್ ನಡೆಯಿತು. ಈ ಘಟನೆಯನ್ನು ನಾವು ಸಾಲಗಾರನನ್ನು ಎಚ್ಚರಿಸಲು ಮಾತ್ರ ಹೇಳುತ್ತೇವೆ. ಎದ್ದು ನಿಂತು ಆ ಸಾಲ ನನ್ನ ಮೇಲಿರಲಿ ಎಂದ ಮನುಷ್ಯನನ್ನು ಮರೆಯುತ್ತೇವೆ. ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕೆಂದು ಕುರ್‌ಆನ್ ಹೇಳುತ್ತದೆ. ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರೂ ಒಂದು ವರ್ಗ.

ಹಾಗಿರುವಾಗ ನಮ್ಮ ನಾಲ್ಕೂ ಊರುಗಳ ಮಸೀದಿ ಕಮಿಟಿಗಳು ಒಂದು ಕೆಲಸ ಮಾಡಬಹುದು. ಬೈತುಲ್ ಮಾಲ್‌ನಲ್ಲಿ ಸಣ್ಣದೊಂದು ಭಾಗವನ್ನು ಕರ್ಝೆ ಹಸನಕ್ಕೆ ಎತ್ತಿಡಲಿ. ಮೂರು ರೂಪಾಯಿ ಬಡ್ಡಿಗೆ ಸಿಕ್ಕಿಕೊಂಡ ಪದವೀಧರನ ಆ ದುಬಾರಿ ಸಾಲವನ್ನಷ್ಟೇ ತೀರಿಸಿ, ಅವನಿಂದ ತಿಂಗಳ ಕಂತಿನಲ್ಲಿ ಬಡ್ಡಿಯಿಲ್ಲದೆ ಹಿಂದಕ್ಕೆ ಪಡೆಯಲಿ. ಹಣ ತಿರುಗಿ ಬಂದು ಇನ್ನೊಬ್ಬನಿಗೆ ಹೋಗುತ್ತದೆ. ಹಣ ಕೊಡಲಾಗದ ಕಡೆ, ಲೆಕ್ಕ ಬಲ್ಲ ಒಬ್ಬ ನಿವೃತ್ತ ನೌಕರ ಜುಮಾ ನಮಾಝಿನ ನಂತರ ಅರ್ಧ ಗಂಟೆ ಕುಳಿತು ಬ್ಯಾಂಕಿನ ಕಾಗದ ಓದಿ ಹೇಳಿದರೂ ಅದೇ ದೊಡ್ಡ ಸೇವೆ.

ಈ ತಿಂಗಳೇ ಶುರು ಮಾಡಿ

ಓದುಗರೇ, ಬೀರುವಿನಲ್ಲಿ ಮಡಚಿಟ್ಟ ಆ ಕಾಗದವನ್ನು ಈ ವಾರ ಹೊರತೆಗೆಯಿರಿ. ಮನೆಯವರೆಲ್ಲ ಒಟ್ಟಿಗೆ ಕುಳಿತು ಓದಿ. ಸ್ಟೇಟ್‌ಮೆಂಟ್ ತನ್ನಿ, ಬಡ್ಡಿ ಸಹಾಯಧನದ ವಿಷಯ ಕೇಳಿ, ಮೊಬೈಲ್ ನಂಬರ್ ಸರಿಪಡಿಸಿ, ಕಂತಿನ ಖಾತೆ ತೆರೆಯಿರಿ. ಸಿಬಿಲ್ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ಪಡೆಯಬಹುದು, ಮಗನದ್ದೂ ತಂದೆಯದ್ದೂ ತರಿಸಿ ನೋಡಿ. ಸಾಲ ಪೂರ್ತಿ ತೀರಿದ ದಿನ 'ಬಾಕಿ ಇಲ್ಲ' ಎಂಬ ಪತ್ರ ಪಡೆಯಲು ಮರೆಯಬೇಡಿ. ಮನೆ, ನಿವೇಶನದ ಪತ್ರ ಅಡವಿಟ್ಟಿದ್ದರೆ 30 ದಿನದೊಳಗೆ ಹಿಂತಿರುಗಿಸಬೇಕು, ತನ್ನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ನಿಯಮ 2023ರ ಡಿಸೆಂಬರ್‌ನಿಂದ ಬ್ಯಾಂಕಿನ ಮೇಲಿದೆ.

ಓದಿಗಾಗಿ ಮಾಡಿದ ಸಾಲ ಅವಮಾನವಲ್ಲ. ಗೂಡಿನ ಬಿಸಿನೀರಿನಲ್ಲಿ ಕೈ ಅದ್ದಿ ಬೆರಳು ಸವೆಸಿದ ತಂದೆ, ತನ್ನ ಬಳೆ ಬಿಚ್ಚಿಕೊಟ್ಟ ತಾಯಿ ಮಗುವಿನ ಮೇಲಿಟ್ಟ ನಂಬಿಕೆ ಅದರಲ್ಲಿದೆ. ಕಂತು ಕಟ್ಟುವ ಪ್ರತಿ ತಿಂಗಳೂ ಆ ನಂಬಿಕೆಯನ್ನು ಉಳಿಸಿಕೊಳ್ಳುತ್ತಿದ್ದೇವೆ ಎಂದು ಮಕ್ಕಳು ತಿಳಿಯಲಿ. ಸಾಲದಲ್ಲಿರುವ ಪ್ರತಿಯೊಬ್ಬರ ಹೊರೆಯನ್ನು ಅಲ್ಲಾಹನು ಹಗುರಗೊಳಿಸಲಿ.